ಪಿಕಪ್‌ಗೆ ಸಿ ಕ್ಲಾಸ್ ಪೈಪಿನ ರೋಲ್ ಕೇಜ್: ಬಣ್ಣ ಬಳಿಯುವುದೊಂದೇ ಬಾಕಿ

ಬಂಗಾರಪೇಟೆ ಪಿಕಪ್:
ನನ್ನ ಹಳೆಯ ಪಿಕಪ್ಪಿನ ಹಿಂದಿನ ತೊಟ್ಟಿಯನ್ನು ತೆಗೆದುಹಾಕಿ, ಕ್ಯಾಬಿನ್ನಿನ ಬೆನ್ನಿನಿಂದ ಆಚೆಗೆ ಟ್ಯೂಬ್ ಫ್ರೇಮ್ ಕಟ್ಟಿಸಿ, ಅದನ್ನು ಒಳಗಿನ ರೋಲ್ ಕೇಜಿಗೆ (ಗಾಡಿ ಮಗುಚಿದಾಗ ಒಳಗಿನವರನ್ನು ಕಾಯುವ ಪೈಪಿನ ಪಂಜರ) ಜೋಡಿಸಿದ್ದೇನೆ. ಬಳಸಿರುವುದು 40 ಎನ್‌ಬಿ (ಹೆಸರಿನ ಒಳವ್ಯಾಸ 40 ಮಿ.ಮೀ.) ಸಿ ಕ್ಲಾಸ್, ಅಂದರೆ ದಪ್ಪ ಗೋಡೆಯ ಪೈಪ್, ಹೊರವ್ಯಾಸ 48.3 ಮಿ.ಮೀ., ಗೋಡೆಯ ದಪ್ಪ 4 ಮಿ.ಮೀ. ಸಿಒ2 ವೆಲ್ಡಿಂಗ್ (ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸುವ ಬೆಸುಗೆ) ಮಾಡಿಸಿ, ಎಲ್ಲ ಬೆಸುಗೆಗಳನ್ನೂ ಗ್ರೈಂಡರಿನ ಫ್ಲಾಪ್ ಡಿಸ್ಕಿನಿಂದ ಉಜ್ಜಿ ಸಮ ಮಾಡಿಸಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರಚನೆ ಬದಲಿಸಲು ಹಾಕುವ ಅಡ್ಡಿ ಗೊತ್ತಿರುವುದರಿಂದ ಗಾಡಿಯನ್ನು ರಸ್ತೆಗೆ ಇಳಿಸುವುದಿಲ್ಲ. ಟೇಕಲ್ ಕಡೆಯ ಒಂದು ಹಳೆಯ ಕ್ವಾರಿಗೆ, ಮಾಲೀಕರ ಒಪ್ಪಿಗೆಯ ಮೇಲೆ, ಲಾರಿಯಲ್ಲಿ ಒಯ್ದು ಅಲ್ಲೇ ಓಡಿಸುತ್ತೇನೆ. ಫೋಟೋಗಳನ್ನು ನೋಡಿ ಅಭಿಪ್ರಾಯ ತಿಳಿಸಿ.

ಮಾಲೂರು ಟ್ಯೂಬ್:
ನೀವು ಕಟ್ಟಿಸಿರುವುದು ನೀರಿನ ಪೈಪಿನ ಕೇಜ್. ಐಎಸ್ 1239 ಎಂಬ ಭಾರತೀಯ ಮಾನಕದ ಈ ಪೈಪು ನೀರು, ಗಾಳಿ, ಹಬೆ ಸಾಗಿಸಲು ತಯಾರಾಗುವಂಥದ್ದು. ಅದರ ಕನಿಷ್ಠ ಕರ್ಷಣ ಬಲ, ಅಂದರೆ ಹರಿಯದೆ ಎಳೆತ ತಾಳುವ ಶಕ್ತಿ, 320 ಎಂಪಿಎ (ಮೆಗಾಪಾಸ್ಕಲ್) ಮಾತ್ರ. ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ನಿಯಮವು ಮುಖ್ಯ ಕಮಾನಿಗೆ (ಆಸನಗಳ ಹಿಂದೆ ನಿಲ್ಲುವ ದೊಡ್ಡ ಬಾಗಿದ ಪೈಪು) ಕೇಳುವುದು ಕನಿಷ್ಠ 350 ಎಂಪಿಎ ಬಲದ, ಕೋಲ್ಡ್ ಡ್ರಾನ್ (ಬಿಸಿ ಮಾಡದೆ ಎಳೆದು ತಯಾರಿಸಿದ), ಸೀಮ್‌ಲೆಸ್ (ಉದ್ದಕ್ಕೆ ಬೆಸುಗೆಯ ಗೆರೆಯಿಲ್ಲದ) ಟ್ಯೂಬನ್ನು. ಅಳತೆ (ಹೊರವ್ಯಾಸ × ಗೋಡೆಯ ದಪ್ಪ) ಕನಿಷ್ಠ 45 × 2.5 ಅಥವಾ 50 × 2 ಮಿ.ಮೀ. ನಿಮ್ಮ ಪೈಪು ಮೀಟರಿಗೆ 4.37 ಕೆ.ಜಿ. ತೂಗುತ್ತದೆ, 50 × 2ರ ಟ್ಯೂಬು 2.37 ಕೆ.ಜಿ. ಮೂವತ್ತು ಮೀಟರ್ ಬಳಸಿದ್ದರೆ 60 ಕೆ.ಜಿ. ಹೆಚ್ಚುವರಿ ಭಾರವಾಯಿತು, ಅದರಲ್ಲಿ ಬಹುಪಾಲು ತಲೆಯ ಮಟ್ಟದಲ್ಲಿದೆ. ಇಳಿಜಾರಿನಲ್ಲಿ ಗಾಡಿಯನ್ನು ಮಗುಚಲು ಅದೇ ಸಾಕು. ಎರಡನೆಯ ಫೋಟೋದಲ್ಲಿ ಕಮಾನಿನ ಬಾಗಿನ ಒಳಮೈ ಸುಕ್ಕುಗಟ್ಟಿರುವುದು ಸ್ಪಷ್ಟವಾಗಿ ಕಾಣುತ್ತದೆ. ಸಾಲದ್ದಕ್ಕೆ, ಅಂದಕ್ಕಾಗಿ ಬೆಸುಗೆಯನ್ನು ಉಜ್ಜಿ ಬಲ ಕಳೆದಿದ್ದೀರಿ.

ಕೆಜಿಎಫ್ ಫಿಟ್ಟರ್:
“ಉಜ್ಜಿ ಬಲ ಕಳೆದಿದ್ದೀರಿ” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭಾರೀ ಯಂತ್ರಗಳ ಕಾರ್ಖಾನೆಯೊಂದರಲ್ಲಿ 28 ವರ್ಷ ಬೆಸುಗೆಯ ಕೆಲಸ ಮಾಡಿದ್ದೇನೆ. ಪೂರ್ತಿ ಪೆನೆಟ್ರೇಶನ್ ಸಿಕ್ಕಿರುವ, ಅಂದರೆ ಪೂರ್ತಿ ದಪ್ಪಕ್ಕೂ ಕರಗಿ ಕೂಡಿರುವ, ಬಟ್ ವೆಲ್ಡನ್ನು (ಎರಡು ಅಂಚುಗಳನ್ನು ಎದುರುಬದುರು ಇಟ್ಟು ಹಾಕಿದ ಬೆಸುಗೆ) ಸಮತಟ್ಟಾಗಿ ಉಜ್ಜಿದರೆ, ಅಂಚಿನಲ್ಲಿ ಒತ್ತಡ ಒಂದೇ ಕಡೆ ಸೇರುವುದು ತಪ್ಪಿ, ಮತ್ತೆ ಮತ್ತೆ ಬೀಳುವ ಹೊರೆಯನ್ನು ಅದು ಹೆಚ್ಚು ಕಾಲ ತಾಳುತ್ತದೆ. ಪುಸ್ತಕ ಓದಿ ಹೇಳುವವರು ಇದನ್ನೂ ಓದಬೇಕು.

ಮಾಲೂರು ಟ್ಯೂಬ್:
ಬಟ್ ವೆಲ್ಡ್ ಎಂದು ನೀವೇ ಬರೆದಿದ್ದೀರಿ. ಈ ಕೇಜಿನಲ್ಲಿ ಬಟ್ ಜೋಡಣೆ ಎಲ್ಲಿದೆ? ಒಂದು ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಕತ್ತರಿಸಿ ಇನ್ನೊಂದರ ಮೈಗೆ ಕೂರಿಸಿದ ಜೋಡಣೆಗಳೇ ಎಲ್ಲವೂ. ಅಲ್ಲಿ ಸುತ್ತಿನ ಹೆಚ್ಚು ಭಾಗದಲ್ಲಿ ಬೀಳುವುದು ಫಿಲೆಟ್, ಅಂದರೆ ಮೂಲೆ ತುಂಬುವ ತ್ರಿಕೋನದ ಬೆಸುಗೆ. 5 ಮಿ.ಮೀ. ಲೆಗ್ (ತ್ರಿಕೋನದ ಬದಿ) ಇರುವ ಫಿಲೆಟ್ಟಿಗೆ ತ್ರೋಟ್ (ಮೂಲೆಯಿಂದ ಹೊರಮೈಗೆ ಇರುವ ದಪ್ಪ) ಸುಮಾರು 3.5 ಮಿ.ಮೀ.; ಡಿಸ್ಕ್ ಹಿಡಿದು ಅದರ ಹೊಟ್ಟೆಯನ್ನು ತೆಗೆದರೆ ಹೊರೆ ಹೊರುವ ದಪ್ಪವನ್ನೇ ತೆಗೆದಂತಾಯಿತು.

ಮುಳಬಾಗಿಲು ಮಣ್ಣು:
ಅಮೆರಿಕದ ಎನ್‌ಎಚ್‌ಆರ್‌ಎ ನಿಯಮಪುಸ್ತಕದಲ್ಲಿ ಬೆಸುಗೆಯನ್ನು ಉಜ್ಜುವುದಕ್ಕೆ ನೇರವಾಗಿ ನಿಷೇಧವಿದೆ. ಇನ್ನು ಇದರಲ್ಲಿ ಚರ್ಚಿಸಲು ಏನೂ ಉಳಿದಿಲ್ಲ.

ಕೆಜಿಎಫ್ ಫಿಟ್ಟರ್:
ಅದು ಡ್ರ್ಯಾಗ್ ರೇಸಿನ ಸಂಸ್ಥೆ. ನೇರವಾದ ಟಾರಿನ ಮೇಲೆ ಓಡುವ ಕಾರಿನ ನಿಯಮವನ್ನು ಕೋಲಾರದ ಬಂಡೆಯ ಮೇಲೆ ಆಳೆತ್ತರದಿಂದ ಉರುಳುವ ಪಿಕಪ್ಪಿಗೆ ತಂದು ಹಚ್ಚುವುದು ಯಾವ ನ್ಯಾಯ? ಉಜ್ಜುವ ಕೈ ಬಲ್ಲವರದಾದರೆ ತ್ರೋಟ್ ಉಳಿಸಿಕೊಂಡೇ ಉಜ್ಜುತ್ತಾರೆ.

ಟೇಕಲ್ ಕ್ವಾರಿ:
“ಬಲ್ಲ ಕೈ” ಉಜ್ಜಿದ ಬೆಸುಗೆಯೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೋದ ವರ್ಷ ನಮ್ಮ ಗೆಳೆಯನ ಜೀಪು ಕ್ವಾರಿಯ ಮೆಟ್ಟಿಲಿನಿಂದ ಒಮ್ಮೆ ಮಾತ್ರ, ಅದೂ ನಿಧಾನವಾಗಿ, ಪಕ್ಕಕ್ಕೆ ಮಗುಚಿತು. ಚಾಲಕನ ತಲೆಯ ಹಿಂದಿನ ಅಡ್ಡಪೈಪು ಬೆಸುಗೆಯ ಗೆರೆಯಲ್ಲೇ ಕಿತ್ತುಕೊಂಡು ಬಂದು ಅವನ ಕಾಲರ್ ಬೋನ್ ಮುರಿಯಿತು. ಕಿತ್ತ ಜಾಗಕ್ಕೆ ಬೆರಳಿಟ್ಟು ನೋಡಿದೆ: ಮೇಲೆ ಕನ್ನಡಿಯಂತೆ ಉಜ್ಜಿದ ತೆಳುವಾದ ಲೋಹದ ಪದರ, ಅದರ ಕೆಳಗೆ ನನ್ನ ಉಗುರು ಹೋಗುವಷ್ಟು ಸಂದು, ಸಂದಿನೊಳಗೆ ಪೈಪಿನ ಕತ್ತರಿಸಿದ ಅಂಚು ಕರಗದೆ ಗ್ರೈಂಡರಿನ ಗೀರುಗಳ ಸಮೇತ ಹಾಗೇ ಇತ್ತು. ಕೆಲಸ ಮಾಡಿದವರೂ ತಮಗೆ ಬಹಳ ವರ್ಷಗಳ ಅನುಭವವಿದೆಯೆಂದೇ ಹೇಳಿದ್ದರು.

ಕೆಜಿಎಫ್ ಫಿಟ್ಟರ್:
ಸಂದು ಇತ್ತೆಂದು ನೀವೇ ಹೇಳುತ್ತಿದ್ದೀರಿ. ಹಾಗಾದರೆ ತಪ್ಪು ಪೈಪನ್ನು ಸರಿಯಾಗಿ ಕೂರಿಸದೆ ತಂತಿ ತುಂಬಿದವರದು, ಉಜ್ಜಿದ್ದರದಲ್ಲ. ನಿಮ್ಮ ಗೆಳೆಯನಿಗಾದ ನೋವಿಗೆ ನನಗೂ ಸಂಕಟವಿದೆ, ಆದರೆ ಅದು ನನ್ನ ಮಾತಿಗೆ ಉತ್ತರವಾಗುವುದಿಲ್ಲ.

ಟೇಕಲ್ ಕ್ವಾರಿ:
ಉಜ್ಜದಿದ್ದರೆ ಆ ಬೆಸುಗೆ ಉಂಡೆಯುಂಡೆಯಾಗಿ ಕುಳಿತಿರುವುದು ಯಾರ ಕಣ್ಣಿಗಾದರೂ ಬೀಳುತ್ತಿತ್ತು, ಅವನು ಗಾಡಿಯಲ್ಲಿ ಕೂರುತ್ತಲೇ ಇರಲಿಲ್ಲ. ಉಜ್ಜಿದ್ದರಿಂದಲೇ ತಪ್ಪು ಮುಚ್ಚಿಹೋಯಿತು. ಇಷ್ಟು ಸರಳವಾದ ಸಂಗತಿಗೆ ನೀವು ಇನ್ನೆಷ್ಟು ಸಲ ಬಟ್ ವೆಲ್ಡಿನ ಮಾತು ತೆಗೆಯುತ್ತೀರಿ?

ಮುಳಬಾಗಿಲು ಮಣ್ಣು:
ಕೇಜಿನ ಕಾಲುಗಳ ಬಗ್ಗೆ ಯಾರೂ ಕೇಳಲಿಲ್ಲ. ಎಫ್‌ಐಎ ಪ್ರಕಾರ ಪ್ರತಿ ಕಾಲಿನಡಿಯ ಬಲವರ್ಧಕ ತಗಡು ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ವಿಸ್ತಾರ ಇರಬೇಕು. ಕ್ಯಾಬಿನ್ನಿನ ತೆಳು ನೆಲಕ್ಕೆ ನೇರವಾಗಿ ಬೆಸೆದಿದ್ದರೆ ಪೈಪು ನೆಲವನ್ನು ತೂತು ಮಾಡಿಕೊಂಡು ಇಳಿಯುತ್ತದೆ.

ಕೆಜಿಎಫ್ ಫಿಟ್ಟರ್:
ಬಟ್ ವೆಲ್ಡಿನ ಮಾತು ತೆಗೆದದ್ದು ಅದು ಸತ್ಯವಾದ್ದರಿಂದ. ಉಜ್ಜಿದ ಬೆಸುಗೆಯ ಮೇಲೆ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವ) ಬಳಿದು ಪರೀಕ್ಷಿಸಲಿ, ಬಿರುಕಿದ್ದರೆ ಕೆಂಪು ಗೆರೆ ತಾನಾಗಿ ಕಾಣುತ್ತದೆ.

ಮಾಲೂರು ಟ್ಯೂಬ್:
ಮೇಲ್ಮೈಗೆ ತೆರೆದುಕೊಂಡ ಬಿರುಕು ಮಾತ್ರ ಕಾಣುತ್ತದೆ. ಕ್ವಾರಿಯವರು ಹೇಳಿದ ಸಂದು ಪದರದ ಕೆಳಗಿತ್ತು.

ಬಂಗಾರಪೇಟೆ ಪಿಕಪ್:
ಪೈಪು ಬದಲಿಸುವ ಪ್ರಶ್ನೆಯಿಲ್ಲ, 4 ಮಿ.ಮೀ. ಗೋಡೆ ಅಷ್ಟು ಸುಲಭವಾಗಿ ಮಡಚುವುದಿಲ್ಲ ಎಂಬ ನಂಬಿಕೆ ನನಗಿದೆ. ಕಾಲುಗಳನ್ನು ನೆಲಕ್ಕಲ್ಲ, ಚಾಸಿಯ ಮೇಲಿನ ಬ್ರಾಕೆಟ್ಟಿಗೆ ಕೂರಿಸಿದ್ದೇನೆ. ಚಾಲಕನ ಹಿಂದಿನ ನಾಲ್ಕು ಜೋಡಣೆಗಳ ಮೇಲೆ ಇನ್ನೊಂದು ಸುತ್ತು ಬೆಸುಗೆ ಹಾಕಿಸಿ ಉಜ್ಜದೆ ಬಿಡುತ್ತೇನೆ. ಹೇಗೂ ಬಣ್ಣ ಇನ್ನೂ ಬಳಿದಿರಲಿಲ್ಲ.

ಟೇಕಲ್ ಕ್ವಾರಿ:
ಸಂದಿನ ಮೇಲೆ ಇನ್ನೊಂದು ಸುತ್ತು ಹಾಕಿದರೆ ಸಂದು ಹೋಗುವುದಿಲ್ಲ. ಒಂದು ಜೋಡಣೆಯನ್ನಾದರೂ ಕಟಿಂಗ್ ಡಿಸ್ಕಿನಿಂದ ಸೀಳಿ ಒಳಗನ್ನು ನೋಡಿ, ಆಮೇಲೆ ಉಳಿದದ್ದನ್ನು ನಿರ್ಧರಿಸಿ.

ಮಾಲೂರು ಟ್ಯೂಬ್:
ಸುಕ್ಕಿನ ಬಗ್ಗೆ ಇನ್ನೂ ಒಂದು ಮಾತೂ ಬಂದಿಲ್ಲ. ಬಾಗಿನ ತ್ರಿಜ್ಯ ವ್ಯಾಸದ ಮೂರು ಪಟ್ಟು, ಅಂದರೆ ನಿಮ್ಮ ಪೈಪಿಗೆ 145 ಮಿ.ಮೀ. ಆದರೂ ಇರಬೇಕು. ಅಳೆದು ಫೋಟೋ ಹಾಕಿ.