‘ಲಾಸ್ಟ್ ನೇಮ್’ ಕಡ್ಡಾಯ ಅಂದರೆ ಇನಿಷಿಯಲ್ ಇರೋರು ಏನು ತುಂಬಬೇಕು? ಅನುಭವ ಇದ್ದವರು ಹೇಳಿ

ಸಂಘದ_ಲೆಕ್ಕ: ನಮ್ಮ ಪತ್ತಿನ ಸಹಕಾರ ಸಂಘದ ಸದಸ್ಯರ ಪಟ್ಟಿ ಹೊಸ ತಂತ್ರಾಂಶಕ್ಕೆ ಹೋಗ್ತಿದೆ. ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಕಡ್ಡಾಯ. ಹೆಚ್ಚಿನವರಿಗೆ ಇರೋದು ಒಂದು ಹೆಸರು, ಜೊತೆಗೆ ಇನಿಷಿಯಲ್. ಲಾಗಿನ್ ಐಡಿಯೂ ಹೆಸರಿನಿಂದಲೇ ತಯಾರಾಗುತ್ತೆ. ನೀವೆಲ್ಲ ಏನು ಮಾಡಿದ್ರಿ?

ಮಂಡ್ಯ_ಡೇಟಾ: ಇನಿಷಿಯಲ್ಲನ್ನು ಲಾಸ್ಟ್ ನೇಮ್‌ಗೆ ತುಂಬಲೇಬೇಡಿ. ನಾವು ತುಂಬಿ ಇವತ್ತಿಗೂ ತಿದ್ದುತ್ತಾ ಇದೀವಿ. ಮೊದಲ ಹೆಸರಿನ ಒಂದಕ್ಷರ, ಅದರ ಮುಂದೆ ಕೊನೆಯ ಹೆಸರು ಅನ್ನೋ ಸೂತ್ರದಲ್ಲಿ ಮಂಜುನಾಥ ಕೆ., ಮಹಾದೇವ ಕೆ., ಮಮತಾ ಕೆ. ಮೂವರಿಗೂ ‘ಎಂಕೆ’ ಬಂತು. ಎಂಕೆ1, ಎಂಕೆ2 ಮಾಡಿದ್ವಿ. ಯಾರದ್ದು ಯಾವುದು ಅಂತ ಅವರಿಗೇ ನೆನಪಿರಲಿಲ್ಲ. ಈಗ ಲಾಗಿನ್‌ಗೆ ಸದಸ್ಯತ್ವ ಸಂಖ್ಯೆ. ಹೆಸರಿಗೆ ಒಂದೇ ಖಾನೆ, ಆಧಾರ್‌ನಲ್ಲಿ ಇದ್ದಂಗೆ. ಆಧಾರ್‌ನಲ್ಲಿ ಹೆಸರು ತಿದ್ದೋಕೆ ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ನಿಮ್ಮ ಖಾನೆಗೋಸ್ಕರ ಯಾರನ್ನೂ ಅಲ್ಲಿಗೆ ಓಡಿಸಬೇಡಿ.

ಹುಬ್ಬಳ್ಳಿ_ಮಂದಿ: ಒಂದ ಖಾನೆ ಅಂದ್ರ ನಮಗ ನಡಿಯೂದಿಲ್ರೀ. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಬೇಕು. ಮನಿತನದ ಪ್ರಕಾರ ಪಟ್ಟಿ ತಗಿಯೂದು ಹ್ಯಾಂಗ? ನಾವು ಮೂರು ಖಾನೆ ಇಟ್ಟೇವಿ, ಛಲೋ ನಡದೈತಿ. ನೀವೂ ಒಂದು ಅಡ್ಡಹೆಸರು ಹಚ್ಚಿಕೊಂಡ್ರ ತಕರಾರ ಮುಗೀತು.

ಮಂಡ್ಯ_ಡೇಟಾ: ಹಚ್ಚಿಕೊಳ್ಳಿ ಅನ್ನೋದು ಸುಲಭ ಸರ್. ಎಚ್.ಡಿ. ದೇವೇಗೌಡ ಅನ್ನೋದರಲ್ಲಿ ಎಚ್ ಅಂದರೆ ಊರು ಹರದನಹಳ್ಳಿ, ಡಿ ಅಂದರೆ ತಂದೆ ದೊಡ್ಡೇಗೌಡ. ಅಡ್ಡಹೆಸರು ಎಲ್ಲಿದೆ ತೋರಿಸಿ. ಇಲ್ಲದ್ದನ್ನು ತುಂಬಿಸಿದರೆ ನಾಳೆ ಪ್ಯಾನ್‌ಗೂ ಪಿಎಫ್‌ಗೂ ತಾಳೆ ಆಗಲ್ಲ, ಹೆಸರು ತಿದ್ದಿಸೋಕೆ ಕೆಲಸ ಕೊಟ್ಟವರ ಜೊತೆ ಸೇರಿ ಪಿಎಫ್‌ಗೆ ಜಂಟಿ ಘೋಷಣೆ ಬರ್ಕೊಂಡು ಅಲೆಯೋರು ಸದಸ್ಯರು.

ಕೊಡಗು_ಕಾಫಿ: ಇಬ್ಬರೂ ನಮ್ಮನ್ನು ಬಿಟ್ಟೇಬಿಟ್ಟಿರಿ. ಕೊಡಂದೇರ ಮಾದಪ್ಪ ಕಾರ್ಯಪ್ಪ: ಮನೆಹೆಸರು ಮೊದಲು, ತಂದೆ ನಡುವೆ, ಸ್ವಂತ ಹೆಸರು ಕೊನೆಗೆ. ಕೊನೇ ಪದವೇ ಮನೆತನ ಅಂತ ನಿಮ್ಮ ತಂತ್ರಾಂಶ ತಿಳಿದುಕೊಂಡರೆ ಒಂದೇ ಮನೆಯ ಅಣ್ಣತಮ್ಮಂದಿರು ಪಟ್ಟಿಯಲ್ಲಿ ಬೇರೆ ಬೇರೆ ಕಡೆ ಬೀಳ್ತಾರೆ. ನಾವು ‘ಪೂರ್ಣ ಹೆಸರು’, ‘ಕರೆಯುವ ಹೆಸರು’, ‘ಪಟ್ಟಿಯ ಕ್ರಮಕ್ಕೆ’ ಅಂತ ಮೂರು ಮಾಡಿದ್ದೇವೆ, ಮೊದಲನೆಯದು ಮಾತ್ರ ಕಡ್ಡಾಯ.

ಲಿಪಿ_ತಂತ್ರ: ಹೆಸರು ಕನ್ನಡದಲ್ಲೇ ಇಡ್ತೀರಾದರೆ ಕಾಲಂ ಅಳತೆ ಮೊದಲು ನೋಡಿ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ‘ಲಕ್ಷ್ಮೀನಾರಾಯಣ’ ಕಣ್ಣಿಗೆ ಆರಕ್ಷರ. ಒಳಗೆ ಒತ್ತು, ಗುಣಿತ ಸೇರಿ 13 ಸಂಕೇತ, 39 ಬೈಟ್. ಒರಾಕಲ್ ಡೇಟಾಬೇಸ್‌ನಲ್ಲಿ ಕಾಲಂ ಅಳತೆ ಬರೀ ವಾರ್‌ಚಾರ್2(30) ಅಂತ ಬರೆದರೆ ಸಾಮಾನ್ಯವಾಗಿ ಅದು 30 ಬೈಟ್, ಹೆಸರು ಒಳಗೇ ಹೋಗಲ್ಲ. (30 ಚಾರ್), ಅಂದರೆ 30 ಸಂಕೇತ, ಅಂತ ಬರೆಯಬೇಕು. ಇನ್ನೊಂದು, ‘ರಾಜ್‌ಕುಮಾರ್’ ಅಂತ ಒತ್ತು ಬಾರದ ಹಾಗೆ ಬರೆಯೋಕೆ ನಡುವೆ ಕಾಣದ ಒಂದು ಸಂಕೇತ ಇರುತ್ತೆ, ಯುನಿಕೋಡ್‌ನಲ್ಲಿ ಅದರ ಸಂಖ್ಯೆ ಯು+200ಸಿ. ತೋರಿಸುವ ಹೆಸರಿನಲ್ಲಿ ಅದನ್ನು ಉಳಿಸಿ, ಹುಡುಕುವ ಕಾಲಂನಲ್ಲಿ ತೆಗೆಯಿರಿ. ಎರಡೂ ಕಡೆ ತೆಗೆದರೆ ಪಾಸ್‌ಬುಕ್‌ನಲ್ಲಿ ‘ರಾಜ್ಕುಮಾರ್’ ಅಂತ ಅಚ್ಚಾಗುತ್ತೆ. ಎಚ್ ಮತ್ತು ಹೆಚ್, ಎಂ ಮತ್ತು ಯಂ, ಎಸ್ ಮತ್ತು ಯಸ್ ಇವಕ್ಕೂ ಹುಡುಕುವ ಕಾಲಂನಲ್ಲಿ ಒಂದೇ ರೂಪ ಕೊಡಿ. ‘ಹೆಚ್’ ತಪ್ಪು, ಎಲ್ಲ ಕಡೆ ತಿದ್ದಿಬಿಡಿ.

ಹುಬ್ಬಳ್ಳಿ_ಮಂದಿ: ತಪ್ಪು ಅನ್ನಾಕ ನೀವ್ಯಾರು? ಮಾರ್ಕ್ಸ್ ಕಾರ್ಡಿನಾಗ ‘ಹೆಚ್’ ಅಂತ ಇದ್ರ ಅದ ಅವನ ಹೆಸರು.

ಲಿಪಿ_ತಂತ್ರ: ಕಾಗದದಲ್ಲಿ ಹಾಗೇ ಇರಲಿ, ಮುಟ್ಟಲ್ಲ. ಕನ್ನಡದಲ್ಲಿ ಸರಿ ಯಾವುದು ಅಂತ ಕೇಳಿದರೆ ‘ಎಚ್’ ಅಂತಲೇ ಹೇಳ್ತೀನಿ.

ದುಬೈ_ಕನ್ನಡಿಗ: ಎಚ್ಚೋ ಹೆಚ್ಚೋ ಆಮೇಲೆ ನೋಡಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಡೋರು ಗಮನಿಸಿ: 2022ರ ನವೆಂಬರ್ 21ರಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದು ಭೇಟಿ ವೀಸಾದಲ್ಲಿ ಬರೋರನ್ನು ಯುಎಇ ಒಳಗೆ ಬಿಡಲ್ಲ ಅಂತ ವಿಮಾನ ಸಂಸ್ಥೆಗಳು ಸುತ್ತೋಲೆ ಕಳಿಸಿದ್ವು. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಅನ್ನೋ ಸ್ಪಷ್ಟನೆ ಆಮೇಲೆ ಬಂತು. ಇನಿಷಿಯಲ್ ಬಿಡಿಸಿ ಬರೆದಿಟ್ಟರೆ ಈ ಪಾಡೇ ಇಲ್ಲ.

ಮಂಡ್ಯ_ಡೇಟಾ: ಬಿಡಿಸಿ ಬರೆದರೆ ಅಪ್ಪನ ಹೆಸರು ಮಗನ ಸರ್‌ನೇಮ್ ಆಗುತ್ತೆ, ಮೊಮ್ಮಗನಿಗೆ ಅದು ಮತ್ತೆ ಬದಲಾಗುತ್ತೆ. ಅವರು ಕೇಳಿದ್ದು ಸಂಘದ ಪಟ್ಟಿ ಸರ್, ವೀಸಾ ಅಲ್ಲ.