ಹಳೆಯ ಹಾಯಿದೋಣಿಯ ಮಾಸ್ಟ್ ತಂತಿಗಳು: ಕೆಟ್ಟದ್ದೊಂದನ್ನೇ ಬದಲಿಸಿದರೆ ಸಾಕೇ?

ಸೋಲೆಂಟ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ದಕ್ಷಿಣ ತೀರದ ಸೋಲೆಂಟ್‌ನಲ್ಲಿ ನನ್ನ ಬಳಿ 1974ರಲ್ಲಿ ತಯಾರಾದ ವೆಸ್ಟರ್ಲಿ ಸೆಂಟಾರ್ ಹಾಯಿದೋಣಿಯಿದೆ. 26 ಅಡಿ ಉದ್ದ, ಫೈಬರ್‌ಗ್ಲಾಸ್ ಒಡಲು, ಅಡಿಯಲ್ಲಿ ಎರಡು ಕೀಲ್‌ಗಳು (ಒಡಲಿನಿಂದ ಕೆಳಕ್ಕೆ ಚಾಚಿದ ಭಾರದ ರೆಕ್ಕೆಗಳು) ಇರುವುದರಿಂದ ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ವಾಲದೆ ಕೂರುತ್ತದೆ. ಅಲ್ಯೂಮಿನಿಯಂ ಮಾಸ್ಟ್ (ಹಾಯಿ ಕಟ್ಟುವ ಕಂಬ) ಡೆಕ್ಕಿನ ಮೇಲೆ ನಿಂತಿದ್ದು, ಮುಂದೆ ಫೋರ್‌ಸ್ಟೇ, ಹಿಂದೆ ಬ್ಯಾಕ್‌ಸ್ಟೇ ಮತ್ತು ಎರಡೂ ಪಕ್ಕಗಳಲ್ಲಿ ಶ್ರೌಡ್ ತಂತಿಗಳು ಅದನ್ನು ಹಿಡಿದಿವೆ. ಫೋರ್‌ಸ್ಟೇ ಮೇಲೆ ಹಾಯಿ ಸುತ್ತುವ ರೋಲರ್ ಫರ್ಲರ್ ಕೂಡ ಇದೆ.

ಈ ಚಳಿಗಾಲ ದೋಣಿಯನ್ನು ದಡಕ್ಕೆ ಎತ್ತಿಸಿದ ಮೇಲೆ ತಂತಿಗಳ ಉದ್ದಕ್ಕೂ ಹತ್ತಿಯ ಉಂಡೆಯನ್ನು ಸವರಿ ನೋಡಿದಾಗ, ಎಡಭಾಗದ ಮೇಲಿನ ಶ್ರೌಡ್‌ನ ಕೆಳತುದಿಯಲ್ಲಿ, ತಂತಿಯು ಸ್ವೇಜ್ (ತಂತಿಯ ತುದಿಗೆ ಹಿಸುಕಿ ಕೂರಿಸಿದ ಲೋಹದ) ಕೊಳವೆಯೊಳಗೆ ಹೋಗುವ ಬಾಯಿಯಲ್ಲೇ ಹತ್ತಿ ಸಿಕ್ಕಿಕೊಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಹೊರಸುತ್ತಿನ ಒಂದು ಎಳೆ ತುಂಡಾಗಿದೆ. ಉಳಿದ ತಂತಿಗಳಲ್ಲಿ ಅಲ್ಲಲ್ಲಿ ಚಹಾ ಕಲೆಯಂಥ ಕಂದು ಬಣ್ಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಿಂದಿನ ಮಾಲೀಕರ ಕಾಗದಪತ್ರಗಳ ಪ್ರಕಾರ ಎಲ್ಲ ತಂತಿಗಳನ್ನೂ 2006ರಲ್ಲಿ ಬದಲಿಸಲಾಗಿದೆ. ಕ್ಯಾಲಿಪರ್‌ನಲ್ಲಿ ತಂತಿಯ ದಪ್ಪ 5 ಮಿ.ಮೀ.ಗಿಂತ ತುಸು ಕಡಿಮೆ ಬರುತ್ತಿದೆ. ಇದು ಸವೆತವೋ ಅಥವಾ ಮೊದಲಿನಿಂದಲೂ ಹೀಗೆಯೇ ಇತ್ತೋ ತಿಳಿಯುತ್ತಿಲ್ಲ.

ಆ ಒಂದು ಶ್ರೌಡನ್ನು ಮಾತ್ರ ಬದಲಿಸಿ ಈ ಋತುವನ್ನು ಕಳೆಯಬಹುದೇ, ಹೊಸ ತಂತಿಗೆ ನಾನೇ ತುದಿ ಕೂರಿಸಿಕೊಳ್ಳಬಹುದೇ ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಲೋಹದ ಮೇಷ್ಟ್ರು, ಮಂಗಳೂರು:

ದೋಣಿ ನಡೆಸುವುದರಲ್ಲಿ ನನಗೆ ಪರಿಣತಿಯಿಲ್ಲ, ಆದರೆ ನೀವು ಕೇಳಿರುವುದರಲ್ಲಿ ಅರ್ಧ ಭಾಗ ಲೋಹಶಾಸ್ತ್ರದ ಪ್ರಶ್ನೆಯಾದ್ದರಿಂದ ಬರೆಯುತ್ತಿದ್ದೇನೆ. ನೀವು ಚಿಂತಿಸಬೇಕಾದದ್ದು ಕಂದು ಕಲೆಯ ಬಗ್ಗೆ ಅಲ್ಲ, ತಂತಿ ಕೊಳವೆಯೊಳಗೆ ಮರೆಯಾಗುವ ಆ ಒಂದೆರಡು ಅಂಗುಲದ ಬಗ್ಗೆ.

ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿರುವುದು ಅದರ ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡಿನ ತೀರಾ ತೆಳುವಾದ ಪದರದಿಂದ. ಗೀರು ಬಿದ್ದು ಈ ಪದರ ಹರಿದರೂ ಗಾಳಿಯ ಆಮ್ಲಜನಕ ದೊರೆತರೆ ಮತ್ತೆ ತಾನಾಗಿ ಕಟ್ಟಿಕೊಳ್ಳುತ್ತದೆ. ಗಾಳಿಯಾಡದ ಸಂದಿನಲ್ಲಿ ಉಪ್ಪುನೀರು ನಿಂತರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ: ಅಲ್ಲಿನ ಆಮ್ಲಜನಕ ಮುಗಿದು, ಕ್ಲೋರೈಡ್ ಸಾಂದ್ರವಾಗಿ, ನೀರು ಆಮ್ಲೀಯವಾಗುತ್ತ ಹೋಗುವುದರಿಂದ ಹೊರಗೆ ಫಳಫಳ ಹೊಳೆಯುವ ಲೋಹವೇ ಒಳಗೆ ಸೂಜಿಮೊನೆಯಂಥ ಗುಳಿಗಳಾಗಿ ಕರಗತೊಡಗುತ್ತದೆ. 316 ದರ್ಜೆಯ ಉಕ್ಕಿನಲ್ಲಿ ಮಾಲಿಬ್ಡಿನಂ ಇರುವುದರಿಂದ 304ಕ್ಕಿಂತ ಹೆಚ್ಚು ಕಾಲ ತಡೆಯುತ್ತದೆಯೇ ಹೊರತು ಅದಕ್ಕೂ ವಿನಾಯಿತಿಯಿಲ್ಲ. ನಮ್ಮ ಕರಾವಳಿಯಂಥ ಬಿಸಿ ಹವೆಯಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಇಂಗ್ಲೆಂಡಿನ ಚಳಿ ನಿಮಗೆ ಕೆಲವು ವರ್ಷಗಳನ್ನು ದಯಪಾಲಿಸಿರಬಹುದು.

ಈಗ ಕೆಳತುದಿಗೆ ಬನ್ನಿ. ತಂತಿಯ ಸುರುಳಿಯ ಗುಂಟ ಇಳಿದ ಮಳೆನೀರೂ ಸಿಡಿದ ಉಪ್ಪುನೀರೂ ಕೊನೆಗೆ ಸೇರುವುದು ಕೆಳಗಿನ ಸ್ವೇಜ್‌ನೊಳಗೇ. ಮೇಲ್ತುದಿಯ ಸ್ವೇಜ್ ತಲೆಕೆಳಗಾಗಿ ನಿಂತಿರುವುದರಿಂದ ಅದರಲ್ಲಿ ನೀರು ಉಳಿಯುವುದಿಲ್ಲ. ಜೊತೆಗೆ, ಕೊಳವೆಯನ್ನು ತಂತಿಯ ಮೇಲೆ ಅಪಾರ ಒತ್ತಡದಲ್ಲಿ ಹಿಸುಕಿ ಕೂರಿಸಿರುವುದರಿಂದ ಅದರ ಗೋಡೆಯಲ್ಲಿ ಒತ್ತಡ ಉಳಿದುಕೊಂಡೇ ಇರುತ್ತದೆ, ಹಾಗಾಗಿ ಹಳೆಯ ಸ್ವೇಜ್‌ಗಳು ಉದ್ದುದ್ದಕ್ಕೆ ಸೀಳುತ್ತವೆ. ಕೂದಲೆಳೆಯಷ್ಟು ಸಣ್ಣ ಬಿರುಕನ್ನು ಕಾಣಲು ಡೈ ಪೆನೆಟ್ರಂಟ್ ಪರೀಕ್ಷೆ ಸುಲಭ: ಚೆನ್ನಾಗಿ ಶುಚಿ ಮಾಡಿ, ಕೆಂಪು ದ್ರವವನ್ನು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿಯ ಡೆವಲಪರ್ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಗೆರೆ ಮೂಡಲಿಲ್ಲವೆಂದ ಮಾತ್ರಕ್ಕೆ ಒಳಗಿನ ತಂತಿ ಸರಿಯಾಗಿದೆ ಎಂದು ಅರ್ಥವಲ್ಲ.

ಹತ್ತೊಂಬತ್ತು ಎಳೆಗಳಲ್ಲಿ ಒಂದು ಹೋದರೆ ಶಕ್ತಿಯಲ್ಲಿ ಶೇಕಡಾ ಐದರಷ್ಟು ಕಡಿಮೆಯಾಯಿತು, ಅಷ್ಟೇ ತಾನೆ ಎಂದು ಲೆಕ್ಕ ಹಾಕುವವರಿದ್ದಾರೆ. ಈ ತಂತಿಯಲ್ಲಿ ನಡುವೆ ಒಂದು, ಅದರ ಸುತ್ತ ಆರು, ಹೊರಗೆ ಹನ್ನೆರಡು ಎಳೆಗಳಿರುತ್ತವೆ. ನಿಮ್ಮ ಕಣ್ಣಿಗೆ ಬೀಳುವುದು ಹೊರಗಿನ ಹನ್ನೆರಡು ಮಾತ್ರ. ಹೊರಗಿನದೊಂದನ್ನು ಮುರಿದ ಕಾರಣವೇ ಮಿಕ್ಕವುಗಳ ಮೇಲೂ ಅಷ್ಟೇ ವರ್ಷ ಕೆಲಸ ಮಾಡಿದೆ. ಅದೇ ವರ್ಷದಲ್ಲಿ ಹಾಕಿದ ಇತರ ತಂತಿಗಳ ಮಾತೂ ಇದೇ. ಎಲ್ಲವನ್ನೂ ಬದಲಿಸಿ ಎಂಬುದೇ ನನ್ನ ಉತ್ತರ.

ಚೆಸಪೀಕ್ ಕನ್ನಡಿಗ:

ಮೇಷ್ಟ್ರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಆದರೆ ತಂತಿಗೆ ಹಣ ಹಾಕುವ ಮೊದಲು ತಂತಿ ಕಟ್ಟಿರುವ ಜಾಗವನ್ನು ನೋಡಿಕೊಳ್ಳಬೇಕೆಂದು ಸೇರಿಸಬಯಸುತ್ತೇನೆ. ಹೊಸ ತಂತಿಯನ್ನು ಹಳೆಯ, ಒಳಗೆ ಸವೆದ ಚೈನ್‌ಪ್ಲೇಟಿಗೆ (ತಂತಿಯನ್ನು ದೋಣಿಗೆ ಹಿಡಿಸುವ ಲೋಹದ ಭಾಗಕ್ಕೆ) ಬಿಗಿದ ದೋಣಿಗಳನ್ನು ಇಲ್ಲಿ ಅಮೆರಿಕದ ಅನಾಪೊಲಿಸ್ ಸುತ್ತಮುತ್ತ ಬೇಕಾದಷ್ಟು ಕಾಣಬಹುದು. ನಿಮ್ಮ ದೋಣಿಯಲ್ಲಿ ಶ್ರೌಡ್‌ಗಳನ್ನು ಡೆಕ್ಕಿನ ಮೂಲಕ ಇಳಿದ ಯು-ಬೋಲ್ಟ್‌ಗಳಿಗೆ ಕಟ್ಟಿದ್ದರೆ, ಕನಿಷ್ಠ ಒಂದನ್ನಾದರೂ ಪೂರ್ತಿ ಹೊರತೆಗೆದು, ಡೆಕ್ಕಿನ ದಪ್ಪದೊಳಗೆ ಹುದುಗಿದ್ದ ಭಾಗವನ್ನು ಪರೀಕ್ಷಿಸಿ. ಅಲ್ಲಿ ಥ್ರೆಡ್ ತೆಳುವಾಗಿದ್ದರೆ ಎಲ್ಲವೂ ಹಾಗೆಯೇ ಇವೆಯೆಂದು ತಿಳಿಯಿರಿ. ಒಳಗಿನಿಂದ ನಟ್ಟಿನ ಸುತ್ತ ಕಂದು ನೀರು ಇಳಿದ ಗುರುತಿದ್ದರೆ ತೆಗೆದು ನೋಡುವ ಮೊದಲೇ ಉತ್ತರ ಸಿಕ್ಕಂತೆ. ಹೊಸದನ್ನು ಕೂರಿಸುವಾಗ ಡೆಕ್ಕಿನ ರಂಧ್ರದ ಅಂಚನ್ನು ಸ್ವಲ್ಪ ಓರೆಯಾಗಿ ಕೊರೆದು ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ತುಂಬಿದರೆ ಸೋರಿಕೆ ಬಹುಕಾಲ ಸುಳಿಯುವುದಿಲ್ಲ.

ದಪ್ಪದ ಬಗ್ಗೆ ಆತಂಕ ಬೇಡ. ಆ ಕಾಲದ ಬ್ರಿಟಿಷ್ ದೋಣಿಗಳಲ್ಲಿ ಅಂಗುಲದ ಅಳತೆಯಿತ್ತು. ಒಂದು ಅಂಗುಲದ ಹದಿನಾರರಲ್ಲಿ ಮೂರು ಭಾಗವೆಂದರೆ 4.76 ಮಿ.ಮೀ., ಅಂದರೆ 2006ರಲ್ಲೂ ಹಳೆಯ ಅಳತೆಯನ್ನೇ ಮುಂದುವರಿಸಿರಬೇಕು. ಈಗ 5 ಮಿ.ಮೀ. ತಂತಿ ಹಾಕಿದರೆ ತೊಂದರೆಯಿಲ್ಲ, ಆದರೆ ತುದಿಗಳ ಪಿನ್ನುಗಳು ಮಾಸ್ಟಿನ ಮೇಲಿನ ಮತ್ತು ಚೈನ್‌ಪ್ಲೇಟಿನ ರಂಧ್ರಗಳಿಗೆ ಸರಿಹೊಂದುತ್ತವೆಯೇ ಎಂದು ಪ್ರತಿಯೊಂದನ್ನೂ ಅಳೆದೇ ತರಿಸಿ. ಸಡಿಲವಾದ ಪಿನ್ ಒಂದೇ ಬಿಂದುವಿನ ಮೇಲೆ ಭಾರ ಹಾಕುತ್ತದೆ.

ನೀವೇ ತುದಿ ಕೂರಿಸಬಹುದೇ ಎಂದರೆ, ಸ್ವೇಜ್ ಮಾಡಲು ಯಂತ್ರ ಬೇಕು, ಆದರೆ ಸ್ಟಾ-ಲಾಕ್‌ನಂಥ ಮೆಕ್ಯಾನಿಕಲ್ ತುದಿಗಳನ್ನು ಎರಡು ಸ್ಪ್ಯಾನರ್ ಇದ್ದರೆ ಮನೆಯಲ್ಲೇ ಜೋಡಿಸಬಹುದು. ಮೊದಲು ಹೊರಕವಚವನ್ನು ತಂತಿಗೆ ತೂರಿಸಿ, ಹೊರಗಿನ ಹನ್ನೆರಡು ಎಳೆಗಳನ್ನು ಬಿಡಿಸಿ, ಒಳಗಿನ ಏಳರ ಮೇಲೆ ಸಣ್ಣ ಶಂಕುವನ್ನು ಕೂರಿಸಿ, ಎಳೆಗಳನ್ನು ಅದರ ಸುತ್ತ ಸಮನಾಗಿ ಮತ್ತೆ ಹೆಣೆದು ಬಿಗಿಯಬೇಕು. ಒಮ್ಮೆ ಬಿಗಿದ ಮೇಲೆ ಬಿಚ್ಚಿ, ಎರಡು ಎಳೆಗಳು ಒಂದರ ಮೇಲೊಂದು ಏರಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಗೆ ಸೀಲಂಟ್ ತುಂಬಿ ಕೊನೆಯದಾಗಿ ಬಿಗಿಯಿರಿ. ಒಳಗೆ ನೀರಿಗೆ ಜಾಗವೇ ಉಳಿಯದಿರುವುದು ಇದರ ದೊಡ್ಡ ಲಾಭ. ಬೆಲೆ ಹೆಚ್ಚಾದ್ದರಿಂದ ಮೇಲ್ತುದಿಗೆ ರಿಗ್ಗರ್ (ಮಾಸ್ಟ್ ಮತ್ತು ತಂತಿಗಳ ಕೆಲಸಗಾರ) ಬಳಿ ಸ್ವೇಜ್ ಮಾಡಿಸಿ, ಕೆಳತುದಿಗೆ ಮಾತ್ರ ಇದನ್ನು ಹಾಕುವುದು ಜಾಣತನವೆಂದು ನನ್ನ ಅಭಿಪ್ರಾಯ. ಉದ್ದದಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಸ್ಥಳದಲ್ಲೇ ಕತ್ತರಿಸಿ ಸರಿಪಡಿಸಿಕೊಳ್ಳಬಹುದು.

ಫರ್ಲರ್‌ನ ಅಲ್ಯೂಮಿನಿಯಂ ಕೊಳವೆಯೊಳಗೆ ಅಡಗಿರುವ ಫೋರ್‌ಸ್ಟೇಯನ್ನು ಮರೆಯಬೇಡಿ. ಕಾಣದ ತಂತಿ ಅದೊಂದೇ ಆದ್ದರಿಂದ ಅದನ್ನೇ ಎಲ್ಲರೂ ಕೊನೆಗೆ ಬಿಡುತ್ತಾರೆ, ಆದರೆ ಹಾಯಿ ಸುತ್ತುವಾಗಲೆಲ್ಲ ತಿರುಚಿಗೆ ಒಳಗಾಗುವುದೂ ಅದೇ.

ಸೋಲೆಂಟ್ ನಿವಾಸಿ:

ಇಬ್ಬರಿಗೂ ಧನ್ಯವಾದಗಳು. ಫೋರ್‌ಸ್ಟೇ ಸೇರಿದಂತೆ ಎಲ್ಲವನ್ನೂ ಬದಲಿಸುವುದೆಂದು ನಿರ್ಧರಿಸಿದ್ದೇನೆ. ಯು-ಬೋಲ್ಟ್‌ಗಳಲ್ಲಿ ಒಂದನ್ನು ತೆಗೆಸಿದಾಗ ಡೆಕ್ಕಿನ ಮಟ್ಟದಲ್ಲಿ ಗುಳಿಗಳು ಕಂಡವು, ಆದ್ದರಿಂದ ಅವೂ ಪಟ್ಟಿಗೆ ಸೇರಿದವು. ಮಾಸ್ಟನ್ನು ಇಳಿಸದೆ, ಹಾಯಿ ಏರಿಸುವ ಹ್ಯಾಲ್ಯರ್ಡ್ ಹಗ್ಗವನ್ನು ತಾತ್ಕಾಲಿಕ ಆಸರೆಯಾಗಿ ಕಟ್ಟಿ, ಒಂದೊಂದೇ ತಂತಿಯನ್ನು ಬದಲಿಸಬಹುದೆಂದು ಬೋಟ್‌ಯಾರ್ಡ್‌ನಲ್ಲಿ ಒಬ್ಬರು ಹೇಳಿದರು. ಇದು ಸರಿಯೇ? ಎಲ್ಲ ಮುಗಿದ ಮೇಲೆ ಎಷ್ಟು ಬಿಗಿಯಬೇಕು?

ಹಳೆ ರಿಗ್ಗರ್:

ಹಾಗೆ ಮಾಡಬಹುದು, ಮಾಡುವವರೂ ಇದ್ದಾರೆ. ನಿಮ್ಮ ಸಂದರ್ಭದಲ್ಲಿ ಮಾತ್ರ ಮಾಸ್ಟನ್ನು ಇಳಿಸಿಬಿಡಿ ಎನ್ನುತ್ತೇನೆ. ಐವತ್ತು ವರ್ಷದ ಮಾಸ್ಟಿನಲ್ಲಿ ನೋಡಬೇಕಾದದ್ದೆಲ್ಲ ಎತ್ತರದಲ್ಲಿ ಅಥವಾ ಬುಡದ ಕೆಳಗಿರುತ್ತದೆ, ಅದನ್ನು ತೊಟ್ಟಿಲಲ್ಲಿ ತೂಗಾಡುತ್ತ ನೋಡುವುದಕ್ಕಿಂತ ಮರದ ಕುದುರೆಗಳ ಮೇಲೆ ಮಲಗಿಸಿ ನೋಡುವುದು ವಾಸಿ. ಹಳೆಯ ತಂತಿಗಳನ್ನು ಎಸೆಯದೆ, ಗುರುತಿನ ಚೀಟಿ ಕಟ್ಟಿ ಅಳತೆಗಾಗಿ ರಿಗ್ಗರ್‌ಗೆ ಕೊಡಿ. ತಂತಿಯನ್ನು ಬಿಗಿ ಮಾಡುವ ಬಾಟಲ್ ಸ್ಕ್ರೂಗಳು ಎಷ್ಟು ತೆರೆದಿದ್ದವೆಂಬುದನ್ನೂ ಬಿಚ್ಚುವ ಮೊದಲೇ ಬರೆದಿಡಿ.

ಮಲಗಿಸಿದ ಮೇಲೆ ಮೊದಲು ಬುಡವನ್ನು ನೋಡಿ: ನೀರು ನಿಂತು ಬಿಳಿಯ ಹುಡಿ ಬಂದಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತಿದೆ. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಮ್ಮಿಗೆ ತಾಗುವ ಪ್ರತಿ ಜಾಗವೂ ಉಪ್ಪುನೀರಿನಲ್ಲಿ ಒಂದು ಪುಟ್ಟ ಬ್ಯಾಟರಿ, ಅದರಲ್ಲಿ ಕರಗುವುದು ಮಾಸ್ಟೇ. ಆದ್ದರಿಂದ ಮತ್ತೆ ಜೋಡಿಸುವಾಗ ಎರಡು ಲೋಹಗಳನ್ನು ಬೇರ್ಪಡಿಸುವ ಡ್ಯುರಾಲಾಕ್ ಅಥವಾ ಟೆಫ್-ಜೆಲ್ ಲೇಪ ಹಚ್ಚಿ, ಭಾರ ಹೊರುವ ಕಡೆ ಮೋನೆಲ್ (ನಿಕ್ಕಲ್-ತಾಮ್ರದ ಮಿಶ್ರಲೋಹ) ರಿವೆಟ್‌ಗಳನ್ನೇ ಬಳಸಿ. ಸ್ಪ್ರೆಡರ್ (ಶ್ರೌಡ್‌ಗಳನ್ನು ಮಾಸ್ಟಿನಿಂದ ದೂರ ಹಿಡಿಯುವ ಅಡ್ಡಕೋಲು) ತುದಿಗಳಿಗೆ ಹಾಕಿರುವ ರಬ್ಬರ್ ಟೋಪಿಗಳನ್ನು ತೆಗೆದು ಒಳಗೆ ನೋಡಿ, ನೀರನ್ನು ಹಿಡಿದಿಡುವುದರಲ್ಲಿ ಅವನ್ನು ಮೀರಿಸುವ ವಸ್ತುವಿಲ್ಲ. ಸ್ಪ್ರೆಡರ್ ಸರಿಯಾಗಿ ಅಡ್ಡ ನಿಲ್ಲುವುದಲ್ಲ, ತುಸು ಮೇಲಕ್ಕೆ ಎದ್ದು, ಶ್ರೌಡಿನ ಮೇಲಿನ ಮತ್ತು ಕೆಳಗಿನ ಕೋನಗಳನ್ನು ಸಮನಾಗಿ ಪಾಲು ಮಾಡಬೇಕು. ಕೆಳಕ್ಕೆ ಜೋತುಬಿದ್ದಿದ್ದರೆ ಒತ್ತಡ ಬಂದಾಗ ಜಾರುತ್ತದೆ.

ಬಿಗಿತಕ್ಕೆ ಉಪಕರಣವಿಲ್ಲದೆ ಅಳೆಯುವ ವಿಧಾನವೊಂದಿದೆ. ತಂತಿ ಸಡಿಲವಾಗಿರುವಾಗ, ಎರಡು ಮೀಟರ್ ಉದ್ದದ ಪಟ್ಟಿಯ ಮೇಲ್ತುದಿಯನ್ನು ತಂತಿಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಕೆಳತುದಿ ಎಲ್ಲಿಗೆ ಬರುತ್ತದೋ ಅಲ್ಲಿ ತಂತಿಯ ಮೇಲೆ ಗುರುತು ಮಾಡಿ. ಬಿಗಿಯುತ್ತ ಹೋದಂತೆ ಗುರುತು ಪಟ್ಟಿಯಿಂದ ದೂರ ಸರಿಯುತ್ತದೆ. ಹತ್ತೊಂಬತ್ತು ಎಳೆಯ ಸ್ಟೇನ್‌ಲೆಸ್ ತಂತಿಯಾದರೆ, ದಪ್ಪ ಎಷ್ಟೇ ಇರಲಿ, ಪ್ರತಿ ಒಂದು ಮಿ.ಮೀ. ಹಿಗ್ಗುವಿಕೆ ಅದು ತುಂಡಾಗುವ ಭಾರದ ಶೇ. 5ರಷ್ಟು ಸೆಳೆತಕ್ಕೆ ಸಮ. ಮೇಲಿನ ಶ್ರೌಡ್‌ಗಳಿಗೆ ಮೂರು ಮಿ.ಮೀ., ಅಂದರೆ ಶೇ. 15, ನಿಮ್ಮ ದೋಣಿಗೆ ಸಾಕು. 5 ಮಿ.ಮೀ. ತಂತಿ ತುಂಡಾಗುವುದು ಎರಡು ಟನ್ನಿನ ಆಸುಪಾಸಿನಲ್ಲಿ. ಹಾಗಾಗಿ ಇದು ಮುನ್ನೂರು ಕಿಲೋ ಸೆಳೆತ, ಕಡಿಮೆಯೇನಲ್ಲ. ಎಡ-ಬಲ ಎರಡನ್ನೂ ಸುತ್ತಿಗೊಂದು ಸುತ್ತಿನಂತೆ ಸಮನಾಗಿ ತಿರುಗಿಸಿ, ಮಾಸ್ಟಿನ ಹಿಂಬದಿಯ ತೋಡಿಗೆ ಕಣ್ಣಿಟ್ಟು ಅದು ಪಕ್ಕಕ್ಕೆ ಬಾಗಿಲ್ಲವೆಂದು ಆಗಾಗ ನೋಡಿಕೊಳ್ಳಿ. ಬಾಟಲ್ ಸ್ಕ್ರೂಗಳ ಥ್ರೆಡ್ಡಿಗೆ ಮೊದಲೇ ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ಹಚ್ಚಿರಬೇಕು. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಿದ್ದಾಗ ತಿರುಗಿದರೆ ಕಚ್ಚಿಕೊಂಡು ಮತ್ತೆಂದೂ ಬಿಡುವುದಿಲ್ಲ.

ಬಿಗಿದ ಕೆಲವೇ ವಾರಗಳಲ್ಲಿ ಮತ್ತೆ ಸಡಿಲವಾದರೆ ಇನ್ನಷ್ಟು ತಿರುಗಿಸಬೇಡಿ. ಮಾಸ್ಟಿನ ಕೆಳಗೆ ಕ್ಯಾಬಿನ್ನಿನ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆಯೇ ನೋಡಿ. ಉಜ್ಜುತ್ತಿದ್ದರೆ ಡೆಕ್ಕು ಕುಸಿಯುತ್ತಿದೆ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಕೊನೆಯ ಹೊಂದಾಣಿಕೆ ನೀರಿನ ಮೇಲೆಯೇ ಆಗಬೇಕು: ದೋಣಿ ಹದವಾದ ಗಾಳಿಯಲ್ಲಿ ಹದಿನೈದು-ಇಪ್ಪತ್ತು ಡಿಗ್ರಿ ವಾಲಿದಾಗ ಗಾಳಿ ಬೀಳದ ಕಡೆಯ ಶ್ರೌಡ್‌ಗಳು ತುಸು ಮೆತ್ತಗಾಗಬಹುದು, ಜೋಲಾಡಬಾರದು. ಅದು ಸರಿಬಂದ ಮೇಲೆ ಸ್ಪ್ಲಿಟ್ ಪಿನ್ನುಗಳನ್ನು ಹಾಕಿ, ತುದಿಗಳನ್ನು ಸ್ವಲ್ಪವೇ ಬಿಡಿಸಿ, ಪಿನ್ನಿನ ಮೇಲೆ ಮಾತ್ರ ಒಂದು ಸುತ್ತು ಟೇಪ್ ಸುತ್ತಿ. ಬಾಟಲ್ ಸ್ಕ್ರೂವನ್ನು ಪೂರ್ತಿ ಟೇಪಿನಲ್ಲಿ ಮುಚ್ಚಿದರೆ ಮೇಷ್ಟ್ರು ಹೇಳಿದ ಗಾಳಿಯಾಡದ ಸಂದನ್ನು ನೀವೇ ಕಟ್ಟಿಕೊಟ್ಟಂತಾಗುತ್ತದೆ.