ಸಹಾಯ ಬೇಕು: ಕೆಲಸ ಹೋದವರಿಗೆ ಸಿಗುವ ಇಎಸ್‌ಐ ಹಣಕ್ಕೆ ಅರ್ಜಿ ಹಾಕಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿದ್ದ. ಆರ್ಡರ್ ಇಲ್ಲ ಅಂತ ಅವನ ಶಿಫ್ಟಿನ ಸುಮಾರು ಜನರನ್ನು ತೆಗೆದರು. ಪತ್ರ ಗಿತ್ರ ಏನೂ ಇಲ್ಲ, ಬಾಯಿಮಾತು ಅಷ್ಟೇ.

ವರ್ಷಗಟ್ಟಲೆ ಇಎಸ್‌ಐ ಕಟ್ಟಿದ್ದಾನೆ. ಅದಕ್ಕೇ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಗೆ ಅರ್ಜಿ ಹಾಕಬೇಕು ಅಂತಿದ್ದೇವೆ. ದಿನದ ಸರಾಸರಿ ಸಂಬಳದ ಅರ್ಧದಷ್ಟು ಹಣ 90 ದಿನದವರೆಗೆ ಬರುತ್ತದೆ, ಅದೂ ಜೀವನದಲ್ಲಿ ಒಂದೇ ಸಲ. ಕೆಲಸ ಹೋಗಿ 30 ದಿನ ಕಳೆದಿರಬೇಕು, ಕಳೆದಿದೆ. ಆಧಾರ್, ಪಾಸ್‌ಬುಕ್ ಸರಿ ಇವೆ.

ತೊಡಕಿರುವುದು ಬೇರೆ ಕಡೆ. "ರಾಜೀನಾಮೆ ಬರೆದುಕೊಡು, ಸೆಟಲ್‌ಮೆಂಟ್ ಬೇಗ ಮಾಡ್ತೀವಿ" ಅಂತ ಎಚ್‌ಆರ್‌ನವರು ದಿನಾ ಫೋನ್ ಮಾಡುತ್ತಾರೆ. ತಾನಾಗಿಯೇ ಕೆಲಸ ಬಿಟ್ಟವರಿಗೆ ಈ ಹಣ ಸಿಗುವುದಿಲ್ಲ. ಹಾಗಾಗಿ ಅವನು ಸಹಿ ಹಾಕಿಲ್ಲ. ರಾಜೀನಾಮೆ ಕೈಗೆ ಬಂದರೆ ಕಂಪನಿಗೆ ಪರಿಹಾರ ಕೊಡುವ ತಲೆನೋವೂ ತಪ್ಪುತ್ತದೆ, ಅಲ್ವಾ? ಈ ಅವಸರ ನೋಡಿದರೆ ನನಗೆ ಅದೇ ಅನುಮಾನ.

ಕಂಪನಿಯ ಪತ್ರ ಇಲ್ಲದೆ, ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಟ್ಟವರು ಮೈಸೂರಿನಲ್ಲಿ ಯಾರಾದರೂ ಇದ್ದೀರಾ? ಕೆಲಸದಿಂದ ತೆಗೆದಿದ್ದಾರೆ ಅನ್ನುವುದಕ್ಕೆ ಏನು ತೋರಿಸಿದಿರಿ? ವಾಟ್ಸಾಪ್ ಮೆಸೇಜ್, ಗೇಟ್ ಪಾಸ್ ರದ್ದಾಗಿದ್ದು ಇಂಥವು ನಡೆಯುತ್ತವಾ? ಪಿಎಫ್‌ನಲ್ಲಾದರೆ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಕೆಲಸ ಬಿಟ್ಟ ದಿನಾಂಕವನ್ನು ನಾವೇ ಹಾಕಬಹುದು. ಇಎಸ್‌ಐನಲ್ಲಿ ಕಂಪನಿಯವರು ಅದನ್ನು ಹಾಕದೆ ಸುಮ್ನೆ ಕೂತರೆ ಏನು ಮಾಡಬೇಕು?

ಏಜೆಂಟರ ನಂಬರ್ ದಯವಿಟ್ಟು ಬೇಡ. ಸ್ವತಃ ಓಡಾಡಿದವರು ಹೇಳಿದರೆ ಸಾಕು.